ಕ್ಯಾಲ್ಸಿಯಂ: ಹೆಸರು ಒಂದೇ, ವೇಷ ಹಲವು

ಔಷಧದ ಅಂಗಡಿಯ ಕೌಂಟರ್ ಹಿಂದೆ ನಿಲ್ಲಲು ಶುರುಮಾಡಿ ನನಗೆ ಇಪ್ಪತ್ತೆರಡು ವರ್ಷವಾಯಿತು. ನಮ್ಮ ಊರಿನವರು ಡಾಕ್ಟರ ಚೀಟಿಯಿಲ್ಲದೆ ಬಂದು ಕೇಳುವ ಮಾತ್ರೆಗಳಲ್ಲಿ ಜ್ವರದ್ದು, ಗ್ಯಾಸ್ಟ್ರಿಕ್‌ನದ್ದು ಬಿಟ್ಟರೆ ಕ್ಯಾಲ್ಸಿಯಂನದ್ದೇ ದೊಡ್ಡ ಪಾಲು. ‘ಮಂಡಿ ನೋವು ಸಾರ್, ಒಂದು ಕ್ಯಾಲ್ಸಿಯಂ ಕೊಡಿ’, ‘ಸುಸ್ತು, ಕ್ಯಾಲ್ಸಿಯಂ ಕಮ್ಮಿ ಆಗಿರಬೇಕು’, ‘ಮಗು ಬಳಪ ತಿಂತಾನೆ, ಕ್ಯಾಲ್ಸಿಯಂ ಟಾನಿಕ್ ಇದ್ಯಾ?’ ಇಂಥವು ದಿನಕ್ಕೆ ಹತ್ತಾದರೂ ಇರುತ್ತವೆ.

ಇದೇ ಜನ ಬ್ರೆಡ್ ಪ್ಯಾಕೆಟ್ ತಿರುಗಿಸಿ ‘ಕ್ಯಾಲ್ಸಿಯಂ ಪ್ರೊಪಿಯೊನೇಟ್’ ಎಂದು ಓದಿದರೆ ಬೆಚ್ಚಿಬೀಳುತ್ತಾರೆ. ‘ಅಯ್ಯೋ, ಕೆಮಿಕಲ್ ಹಾಕಿದ್ದಾರೆ!’ ಅಂದರೆ ಮಾತ್ರೆಯಲ್ಲಿದ್ದರೆ ಅಮೃತ, ಬ್ರೆಡ್‌ನಲ್ಲಿದ್ದರೆ ವಿಷ. ನಿಜಕ್ಕೂ ಕ್ಯಾಲ್ಸಿಯಂ ಅಮೃತವೂ ಅಲ್ಲ, ವಿಷವೂ ಅಲ್ಲ. ಅದು ಯಾವುದರ ಜೊತೆ ಕೂಡಿದೆ, ಎಷ್ಟಿದೆ, ಯಾವ ಹೊತ್ತಿನಲ್ಲಿ ಹೊಟ್ಟೆಗೆ ಹೋಗುತ್ತಿದೆ ಎಂಬುದರ ಮೇಲೆ ಅದರ ಗುಣ ನಿಂತಿದೆ. ಈ ಮೂರು ಸಂಗತಿ ಗೊತ್ತಿದ್ದರೆ ಮಾತ್ರೆಯ ಸ್ಟ್ರಿಪ್ಪನ್ನೂ ಬ್ರೆಡ್ ಪ್ಯಾಕೆಟ್ಟನ್ನೂ ಒಂದೇ ಕಣ್ಣಿನಿಂದ ನೋಡಬಹುದು.

ಮೂಳೆ ಎಂಬ ಕಣಜ

ಶುದ್ಧ ಕ್ಯಾಲ್ಸಿಯಂ ಬೆಳ್ಳಗೆ ಹೊಳೆಯುವ ಒಂದು ಲೋಹ. ಆದರೆ ಪ್ರಕೃತಿಯಲ್ಲಿ ಅದು ಎಲ್ಲೂ ಒಂಟಿಯಾಗಿ ಸಿಗುವುದಿಲ್ಲ. ಮೊಟ್ಟೆಯ ಚಿಪ್ಪು, ಅಮೃತಶಿಲೆ, ಕಪ್ಪೆಚಿಪ್ಪು ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟ್. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನಮ್ಮ ಮೂಳೆಯಲ್ಲಿ ಅದು ರಂಜಕದ ಜೊತೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ.

ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಶೇಕಡಾ 99ರಷ್ಟು ಮೂಳೆ, ಹಲ್ಲುಗಳಲ್ಲಿ. ಉಳಿದ ಒಂದು ಪಾಲು ರಕ್ತ ಮತ್ತು ಜೀವಕೋಶಗಳಲ್ಲಿ. ಹೃದಯ ಬಡಿಯುವುದು, ಸ್ನಾಯು ಕುಗ್ಗಿ ಹಿಗ್ಗುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಈ ಒಂದು ಪಾಲಿನ ಕೆಲಸ. ಆದ್ದರಿಂದ ರಕ್ತದ ಕ್ಯಾಲ್ಸಿಯಂ ಸ್ವಲ್ಪವೂ ಏರುಪೇರಾಗದಂತೆ ದೇಹ ಕಾಯುತ್ತದೆ. ಊಟದಲ್ಲಿ ಸಾಲದಾದರೆ ಮೂಳೆಯಿಂದ ತೆಗೆದು ರಕ್ತಕ್ಕೆ ಹಾಕುತ್ತದೆ. ಮಳೆ ಕೈಕೊಟ್ಟ ವರ್ಷ ರೈತ ಕಣಜಕ್ಕೆ ಕೈ ಹಾಕುವಂತೆ. ವರ್ಷಗಟ್ಟಲೆ ಹೀಗೇ ನಡೆದರೆ ಕಣಜ ಬರಿದಾಗುತ್ತದೆ. ಜಾರಿಬಿದ್ದ ನೆಪಕ್ಕೆ ಸೊಂಟದ ಮೂಳೆ ಮುರಿಯುತ್ತದೆ.

ಕಣಜ ತುಂಬುವ ಕಾಲ ಚಿಕ್ಕ ವಯಸ್ಸು ಮತ್ತು ಹದಿಹರೆಯ. ಮೂವತ್ತರ ಆಸುಪಾಸಿನ ನಂತರ ತುಂಬುವುದಕ್ಕಿಂತ ಉಳಿಸಿಕೊಳ್ಳುವುದೇ ಕೆಲಸ. ಹಾಗಾಗಿ ಕ್ಯಾಲ್ಸಿಯಂ ಎಂದರೆ ಅಜ್ಜ ಅಜ್ಜಿಯರ ಚಿಂತೆ ಎಂದುಕೊಳ್ಳಬೇಡಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಲೆಕ್ಕ ಅವರಿಂದಲೇ ಶುರುವಾಗಬೇಕು.

ತಟ್ಟೆಯಲ್ಲಿ ಎಷ್ಟಿದೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ 650, ಹತ್ತರಿಂದ ಹನ್ನೆರಡಕ್ಕೆ 850, ಹದಿಮೂರು ದಾಟಿದರೆ 1000ದ ಆಸುಪಾಸು. ಎದೆಹಾಲು ಕೊಡುವ ತಾಯಂದಿರಿಗೆ ಮತ್ತು ಮುಟ್ಟು ನಿಂತ ಹೆಂಗಸರಿಗೆ 1200.

ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ. ಒಂದು ಲೋಟ, ಅಂದರೆ 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350. ಒಂದು ಸಾಧಾರಣ ಮುದ್ದೆಗೆ 250ರ ಮೇಲೆ ಸಿಕ್ಕಿತು. ಅಕ್ಕಿಯಲ್ಲಿ ಇದರ ಹತ್ತನೇ ಒಂದು ಪಾಲೂ ಇಲ್ಲ. ಒಂದು ಬಟ್ಟಲು ಮೊಸರು, ಒಂದು ಹಿಡಿ ನುಗ್ಗೆಸೊಪ್ಪಿನ ಪಲ್ಯ, ಎರಡು ಚಮಚ ಎಳ್ಳಿನ ಚಟ್ನಿಪುಡಿ ಸೇರಿಸಿದರೆ ದಿನದ ಲೆಕ್ಕ 1000ದ ಹತ್ತಿರ ಬರುತ್ತದೆ. ಎಳ್ಳಿನ ಸಿಪ್ಪೆ ತೆಗೆಯಬೇಡಿ. ಕ್ಯಾಲ್ಸಿಯಂ ಹೆಚ್ಚಾಗಿ ಇರುವುದು ಅದರಲ್ಲೇ. ಮೀನು ತಿನ್ನುವ ಮನೆಯವರಿಗೆ ಮುಳ್ಳು ಸಮೇತ ಅಗಿಯುವ ಸಣ್ಣ ಮೀನು ಒಳ್ಳೆಯ ಮೂಲ.

ಒಂದು ಎಚ್ಚರಿಕೆ ಇದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಹಾಲಿನ ಕ್ಯಾಲ್ಸಿಯಂನಲ್ಲಿ ಮೂರನೇ ಒಂದು ಪಾಲಿನಷ್ಟು ಹೀರಿಕೆಯಾದರೆ, ಪಾಲಕ್ ಸೊಪ್ಪಿನದರಲ್ಲಿ ಶೇಕಡಾ 5ರಷ್ಟು ಮಾತ್ರ. ಸೊಪ್ಪಿನಲ್ಲಿರುವ ಆಕ್ಸಲೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಗಿಯಲ್ಲಿಯೂ ಹೀಗೆ ಹಿಡಿದಿಡುವ ಫೈಟೇಟ್ ಇದೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅದು ಕಡಿಮೆಯಾಗುತ್ತದೆ. ಕೂಸಿಗೆ ರಾಗಿಸರಿ ಮಾಡುವಾಗ ನಮ್ಮ ಅಜ್ಜಿಯಂದಿರು ಮೊಳಕೆ ಕಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ. ಇದರ ಜೊತೆ ವಿಟಮಿನ್ ಡಿ ಬೇಕೇ ಬೇಕು. ಅದನ್ನು ಚರ್ಮ ಬಿಸಿಲಿನಿಂದ ತಯಾರಿಸಿಕೊಳ್ಳುತ್ತದೆ. ಮಕ್ಕಳನ್ನು ಆಟಕ್ಕೆ ಹೊರಗೆ ಬಿಡುವುದೂ ಮೂಳೆಗೆ ಹಾಕುವ ಗೊಬ್ಬರವೇ.

ಹಾಗಾದರೆ ಮಾತ್ರೆ ಯಾರಿಗೆ?

ಮೊದಲು ಗರ್ಭಿಣಿಯರಿಗೆ. ನಮ್ಮ ದೇಶದ ಆರೋಗ್ಯ ಇಲಾಖೆಯ ಕ್ರಮದಂತೆ ನಾಲ್ಕನೇ ತಿಂಗಳಿಂದ ಹೆರಿಗೆಯಾಗಿ ಆರು ತಿಂಗಳವರೆಗೆ 500 ಮಿಲಿಗ್ರಾಂನ ಮಾತ್ರೆ ದಿನಕ್ಕೆ ಎರಡು ಬಾರಿ. ಕ್ಯಾಲ್ಸಿಯಂ ಕಡಿಮೆ ತಿನ್ನುವ ತಾಯಂದಿರಲ್ಲಿ ಬಸುರಿನ ರಕ್ತದೊತ್ತಡದ ತೊಂದರೆಯನ್ನು ಇದು ತಗ್ಗಿಸುತ್ತದೆ. ಆಶಾ ಕಾರ್ಯಕರ್ತೆ ತಂದುಕೊಟ್ಟ ಆ ಮಾತ್ರೆಯನ್ನು ‘ಮಗು ದಪ್ಪ ಆಗ್ತದೆ, ಹೆರಿಗೆ ಕಷ್ಟ’ ಎಂದು ಹಿತ್ತಲಿಗೆ ಎಸೆಯಬೇಡಿ. ಮೂಳೆ ಸವೆತ ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾದವರಿಗೆ, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ, ಊಟದಿಂದ ಸಾಕಷ್ಟು ಸಿಗದ ವಯಸ್ಸಾದವರಿಗೆ ಡಾಕ್ಟರು ಬರೆಯುತ್ತಾರೆ. ಇವರೆಲ್ಲರಿಗೂ ಮಾತ್ರೆ ಉಪಕಾರಿ.

ಮಂಡಿ ನೋವಿನವರ ಕಥೆ ಬೇರೆ. ವಯಸ್ಸಾದವರ ಮಂಡಿ ನೋವು ಹೆಚ್ಚಾಗಿ ಕೀಲಿನ ಮೃದ್ವಸ್ಥಿ ಸವೆದು ಬರುವಂಥದ್ದು. ಕ್ಯಾಲ್ಸಿಯಂ ನುಂಗಿದರೆ ಅದು ಮರಳಿ ಬೆಳೆಯುವುದಿಲ್ಲ. ಇನ್ನು ಬಳಪ, ಮಣ್ಣು ತಿನ್ನುವ ಮಗು. ಅದಕ್ಕೆ ಕ್ಯಾಲ್ಸಿಯಂ ಕೊರತೆ ಎಂಬುದು ಊರ ಮಾತು. ಆದರೆ ಇಂಥ ಮಕ್ಕಳಲ್ಲಿ ಎಷ್ಟೋ ಸಲ ಕಾಣುವುದು ಕಬ್ಬಿಣದ ಕೊರತೆ, ರಕ್ತಹೀನತೆ. ಟಾನಿಕ್ ಕೇಳುವ ಬದಲು ಮಗುವಿನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

1250ರಲ್ಲಿ 500

ಕ್ಯಾಲ್ಸಿಯಂ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ’ ಎಂದಿರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘500 ಮಿ.ಗ್ರಾಂ ಕ್ಯಾಲ್ಸಿಯಂಗೆ ಸಮ’. ಕಾರ್ಬೊನೇಟ್‌ನ ತೂಕದಲ್ಲಿ ಶೇಕಡಾ 40 ಮಾತ್ರ ಕ್ಯಾಲ್ಸಿಯಂ. ಸಿಟ್ರೇಟ್ ಆದರೆ ಶೇಕಡಾ 21. ಹಾಗಾಗಿ ದೊಡ್ಡ ಅಂಕಿ ನೋಡಿ ‘ಪವರ್ ಜಾಸ್ತಿ’ ಎನ್ನಬೇಡಿ. ಸಣ್ಣ ಅಕ್ಷರದ ಅಂಕಿಯೇ ನಿಜವಾದದ್ದು.

ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಆದ್ದರಿಂದ ಊಟದ ಜೊತೆ ಅಥವಾ ಊಟವಾದ ಕೂಡಲೇ ನುಂಗಬೇಕು. ಸಿಟ್ರೇಟ್‌ಗೆ ಆ ಕಟ್ಟುಪಾಡಿಲ್ಲ. ದಿನವೂ ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಳ್ಳುವವರ ಹೊಟ್ಟೆಯಲ್ಲಿ ಆಮ್ಲ ಕಡಿಮೆ. ಅಂಥವರು ‘ನನಗೆ ಸಿಟ್ರೇಟ್ ಒಳ್ಳೆಯದೇ?’ ಎಂದು ಡಾಕ್ಟರನ್ನು ಕೇಳಬಹುದು. ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ನುಂಗಿದರೆ ಹೀರಿಕೆ ಕಡಿಮೆಯಾಗುತ್ತದೆ. ಎರಡು ಮಾತ್ರೆ ಬರೆದಿದ್ದರೆ ಬೆಳಿಗ್ಗೆ ಒಂದು, ರಾತ್ರಿ ಒಂದು.

ಕ್ಯಾಲ್ಸಿಯಂಗೆ ಕೆಲವು ಔಷಧಗಳ ಜೊತೆ ಹೊಂದಾಣಿಕೆ ಇಲ್ಲ. ಕಬ್ಬಿಣದ ಮಾತ್ರೆಯ ಜೊತೆ ನುಂಗಿದರೆ ಕಬ್ಬಿಣ ಹೀರಿಕೆಯಾಗುವುದಿಲ್ಲ. ನಡುವೆ ಎರಡು ಗಂಟೆಯಾದರೂ ಇರಲಿ. ಗರ್ಭಿಣಿಯರು ಇದನ್ನು ಮುಖ್ಯವಾಗಿ ನೆನಪಿಡಬೇಕು, ಯಾಕೆಂದರೆ ಅವರಿಗೆ ಎರಡೂ ಮಾತ್ರೆ ಕೊಟ್ಟಿರುತ್ತಾರೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಬೇಕು. ಕೆಲವು ಆ್ಯಂಟಿಬಯಾಟಿಕ್‌ಗಳನ್ನೂ ಇದು ಕೆಲಸ ಮಾಡದಂತೆ ಕಟ್ಟಿಹಾಕುತ್ತದೆ. ಹೊಸ ಔಷಧ ಬರೆಸಿಕೊಳ್ಳುವಾಗ ‘ನಾನು ಕ್ಯಾಲ್ಸಿಯಂ ತಗೊಳ್ತಿದೀನಿ’ ಎಂದು ಒಂದು ಮಾತು ಹೇಳಿಬಿಡಿ.

ಬ್ರಾಂಡ್ ಮೂರು, ಔಷಧ ಒಂದೇ

ಹೋದ ವರ್ಷ ಒಬ್ಬ ಹೆಣ್ಣುಮಗಳು ಅತ್ತೆಗೆ ಮಲಬದ್ಧತೆಯ ಔಷಧ ಕೇಳಿಕೊಂಡು ಬಂದರು. ಎರಡು ವಾರದಲ್ಲಿ ಅದು ಮೂರನೇ ಬಾಟಲಿ.

‘ಅಕ್ಕಾ, ಅಮ್ಮನಿಗೆ ಬೇರೆ ಏನಾದ್ರೂ ತೊಂದರೆ ಇದ್ಯಾ?’ ಎಂದೆ.

‘ಬಾಯಾರಿಕೆ ಅಂತಾರೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳ್ತಾರೆ. ಊಟ ಸೇರಲ್ಲ, ಒಂಥರಾ ಮಂಕಾಗಿದಾರೆ. ಶುಗರ್ ನೋಡಿಸಿದ್ವಿ, ಸರಿಯಾಗೇ ಇದೆ.’

‘ಮನೇಲಿರೋ ಮಾತ್ರೆ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ.’

ಚೀಲ ಬಂತು. ಮೂಳೆ ಡಾಕ್ಟರು ಬರೆದದ್ದು ದಿನಕ್ಕೆ ಎರಡು. ಹೆಂಗಸರ ಡಾಕ್ಟರು ಬರೆದದ್ದು ಒಂದು. ನೆಂಟರು ಹೇಳಿದರೆಂದು ತಾವೇ ಕೊಂಡದ್ದು ಇನ್ನೊಂದು. ಮೂರಕ್ಕೆ ಮೂರು ಹೆಸರು, ಮೂರು ಬಣ್ಣದ ಸ್ಟ್ರಿಪ್. ಒಳಗಿರುವುದು ಒಂದೇ ಕ್ಯಾಲ್ಸಿಯಂ ಕಾರ್ಬೊನೇಟ್. ಮಾತ್ರೆಯಿಂದಲೇ ದಿನಕ್ಕೆ 2000 ಮಿಲಿಗ್ರಾಂ! ಊಟದ್ದನ್ನೂ ಸೇರಿಸಿ ವಯಸ್ಕರು 2500 ದಾಟಬಾರದು ಎಂಬುದು ಪೋಷಣಾ ಸಂಸ್ಥೆ ಹಾಕಿರುವ ಮೇಲ್ಮಿತಿ. ಅದಕ್ಕಿಂತ ನನ್ನ ಎದೆ ಝಲ್ಲೆನಿಸಿದ್ದು ಚೀಲದ ತಳದಲ್ಲಿದ್ದ ವಿಟಮಿನ್ ಡಿ ಪುಡಿಯ ಖಾಲಿ ಸ್ಯಾಶೆಗಳು. ಒಂದೊಂದರಲ್ಲಿ 60,000 ಯೂನಿಟ್. ವಾರಕ್ಕೆ ಒಂದರಂತೆ ಎಂಟು ವಾರ ಎಂದು ಬರೆದಿದ್ದನ್ನು ಅಜ್ಜಿ ದಿನಕ್ಕೊಂದರಂತೆ ಹಾಲಿಗೆ ಹಾಕಿ ಕುಡಿಯುತ್ತಿದ್ದರು, ತಿಂಗಳಿಗೂ ಮೇಲೆ. ಮುಗಿದಾಗಲೆಲ್ಲ ಮೊಮ್ಮಗ ಬೇರೆ ಬೇರೆ ಅಂಗಡಿಯಿಂದ ತಂದುಕೊಟ್ಟಿದ್ದ.

ನಾನು ಬಾಟಲಿ ಕೊಡಲಿಲ್ಲ. ಚೀಲ ಸಮೇತ ಆವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಅಜ್ಜಿ ಚೇತರಿಸಿಕೊಂಡರು. ಇಷ್ಟರಲ್ಲೇ ಮುಗಿದದ್ದು ಪುಣ್ಯ. ಇನ್ನೂ ತಡವಾಗಿದ್ದರೆ ಕಿಡ್ನಿಗೆ ಪೆಟ್ಟು ಬೀಳುತ್ತಿತ್ತು. ಬಾಯಾರಿಕೆ, ಮಲಬದ್ಧತೆ, ಪದೇ ಪದೇ ಮೂತ್ರ, ಮಂಕು, ಇವು ನಾಲ್ಕೂ ಕೂಡಿ ಬಂದರೆ ಕ್ಯಾಲ್ಸಿಯಂ ಹೆಚ್ಚಾಗಿದೆಯೇ ಎಂದು ನೋಡಿಸಬೇಕು.

ಅಷ್ಟು ಅತಿರೇಕವಾಗದೆಯೂ ಸಣ್ಣ ಬೆಲೆ ತೆರಬೇಕಾಗಬಹುದು. ಅಮೆರಿಕದಲ್ಲಿ ಮುಟ್ಟು ನಿಂತ 36,000ಕ್ಕೂ ಹೆಚ್ಚು ಹೆಂಗಸರನ್ನು ಸುಮಾರು ಏಳು ವರ್ಷ ಗಮನಿಸಿದ ಒಂದು ದೊಡ್ಡ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದಿನವೂ 1000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಡಲಾದ ಗುಂಪಿನಲ್ಲಿ ಕಿಡ್ನಿ ಕಲ್ಲು ಶೇಕಡಾ 17ರಷ್ಟು ಹೆಚ್ಚು ಕಂಡುಬಂತು. ವಿಚಿತ್ರವೆಂದರೆ ಊಟದ ಕ್ಯಾಲ್ಸಿಯಂ ಹೀಗೆ ಮಾಡುವುದಿಲ್ಲ. ಅದು ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕಿ ಕಲ್ಲಾಗದಂತೆ ನೆರವಾಗುತ್ತದೆ. ಕಲ್ಲು ಇದೆಯೆಂದು ಹಾಲು ಮೊಸರು ಬಿಡುವವರು ಇದನ್ನು ಗಮನಿಸಬೇಕು.

ಪ್ಯಾಕೆಟ್ ಹಿಂದಿನ ಅಂಕಿಗಳು

ಈಗ ಬ್ರೆಡ್‌ಗೆ ಬರೋಣ. ಪ್ಯಾಕೆಟ್ ಆಹಾರದ ಹಿಂದೆ ‘ಐಎನ್‌ಎಸ್’ ಎಂದು ಬರೆದು ಒಂದು ಸಂಖ್ಯೆ ಇರುತ್ತದಲ್ಲ, ಅದು ಆಹಾರ ಸಂಯೋಜಕಗಳಿಗೆ ಜಗತ್ತಿನಾದ್ಯಂತ ಕೊಟ್ಟಿರುವ ಗುರುತಿನ ಸಂಖ್ಯೆ. ನೂರರ ಸಾಲಿನಲ್ಲಿ ಬಣ್ಣಗಳು, ಇನ್ನೂರರಲ್ಲಿ ಕೆಡದಂತೆ ಕಾಯುವವು, ಆರುನೂರರಲ್ಲಿ ರುಚಿ ಹೆಚ್ಚಿಸುವವು, ಹೀಗೆ. ಸಂಖ್ಯೆ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಅರಿಸಿನದ ಹಳದಿ 100, ನಿಂಬೆಯ ಹುಳಿ 330, ಅಡುಗೆ ಸೋಡಾ 500.

ನಮ್ಮ ಕ್ಯಾಲ್ಸಿಯಂ ಈ ಪಟ್ಟಿಯಲ್ಲಿ ಹತ್ತಾರು ಕಡೆ ಇಣುಕುತ್ತದೆ. 170 ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದೇ ಮಾತ್ರೆಯಲ್ಲಿರುವುದು. ಇಲ್ಲಿ ಬಿಳಿ ಬಣ್ಣಕ್ಕೆ, ಪುಡಿ ಗಂಟುಕಟ್ಟದಿರಲು. 509 ಕ್ಯಾಲ್ಸಿಯಂ ಕ್ಲೋರೈಡ್, ಚೀಸ್ ಮಾಡುವಾಗ ಹಾಲು ಚೆನ್ನಾಗಿ ಗಟ್ಟಿಯಾಗಲು. 516 ಕ್ಯಾಲ್ಸಿಯಂ ಸಲ್ಫೇಟ್, ಸೋಯಾ ಹಾಲನ್ನು ಒಡೆದು ತೋಫು ಮಾಡಲು. ಬೂದುಗುಂಬಳದ ತುಂಡುಗಳನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಸಿ ಪೇಠಾ ಮಾಡುವ ಆಗ್ರಾದ ಮಿಠಾಯಿಗಾರರು ಹೋಳು ಗರಿಗರಿಯಾಗಿರಲು ಬಳಸುವುದೂ ಕ್ಯಾಲ್ಸಿಯಂನ ಈ ಗುಣವನ್ನೇ.

ಬ್ರೆಡ್‌ನಲ್ಲಿರುವುದು 282, ಕ್ಯಾಲ್ಸಿಯಂ ಪ್ರೊಪಿಯೊನೇಟ್. ಇದರಲ್ಲಿ ಕೆಲಸ ಮಾಡುವುದು ಪ್ರೊಪಿಯೊನಿಕ್ ಆಮ್ಲದ ಭಾಗ. ಅದು ಬೂಷ್ಟು ಬೆಳೆಯದಂತೆ ತಡೆಯುತ್ತದೆ. ಇಂಥದೇ ಆಮ್ಲ ನಮ್ಮ ಕರುಳಿನ ಸೂಕ್ಷ್ಮಜೀವಿಗಳು ನಾರನ್ನು ಜೀರ್ಣಿಸುವಾಗ ಅಲ್ಲೇ ಹುಟ್ಟುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2014ರಲ್ಲಿ ಮರುಪರಿಶೀಲಿಸಿ, ಅನುಮತಿಸಿದ ಪ್ರಮಾಣದಲ್ಲಿ ಆತಂಕವಿಲ್ಲ ಎಂದಿತು. ಬ್ರೆಡ್ಡಿನದೇ ಇನ್ನೊಂದು ಸಂಯೋಜಕ ಪೊಟ್ಯಾಸಿಯಂ ಬ್ರೋಮೇಟ್. ಕ್ಯಾನ್ಸರ್ ಸಂಶಯದಿಂದ ಅದನ್ನು ಭಾರತ 2016ರಲ್ಲಿ ಅನುಮತಿಯ ಪಟ್ಟಿಯಿಂದ ತೆಗೆದುಹಾಕಿತು. ಒಂದೇ ಬ್ರೆಡ್, ಎರಡು ‘ಕೆಮಿಕಲ್’, ಎರಡು ತೀರ್ಪು. ಆದ್ದರಿಂದ ‘ಕೆಮಿಕಲ್ ಇದೆಯೇ’ ಎಂದಲ್ಲ, ‘ಯಾವ ಕೆಮಿಕಲ್’ ಎಂದು ಕೇಳಬೇಕು.

ಮಕ್ಕಳ ಪೌಷ್ಟಿಕ ಪೇಯದ ಡಬ್ಬಿಗಳಲ್ಲಿಯೂ ಹೀಗೇ. ಮುಂದೆ ‘ಕ್ಯಾಲ್ಸಿಯಂಭರಿತ’ ಎಂದು ದಪ್ಪಕ್ಷರದಲ್ಲಿರುತ್ತದೆ. ಹಿಂದೆ ತಿರುಗಿಸಿ, 100 ಗ್ರಾಂ ಲೆಕ್ಕವನ್ನಲ್ಲ, ಒಂದು ಸಲಕ್ಕೆ ಹಾಕುವ ಎರಡು ಚಮಚದ ಲೆಕ್ಕ ನೋಡಿ. ಪಕ್ಕದಲ್ಲೇ ಸಕ್ಕರೆ ಎಷ್ಟಿದೆ ಎಂದೂ ನೋಡಿ. ಎಷ್ಟೋ ಸಲ ಪುಡಿಗಿಂತ ಅದನ್ನು ಕಲಸುವ ಹಾಲಿನಲ್ಲೇ ಕ್ಯಾಲ್ಸಿಯಂ ಹೆಚ್ಚಿರುತ್ತದೆ.

ನಿಜವಾಗಿ ಹೆದರಬೇಕಾದವು

ಲೇಬಲ್ ಇರುವ ಪ್ಯಾಕೆಟ್ ಬಗ್ಗೆ ಇಷ್ಟು ಚಿಂತಿಸುವ ನಾವು ಲೇಬಲ್ಲೇ ಇಲ್ಲದವನ್ನು ಸುಮ್ಮನೆ ಒಪ್ಪಿಕೊಳ್ಳುತ್ತೇವೆ. ಮಾವು, ಬಾಳೆ ಹಣ್ಣು ಮಾಡಲು ಕೆಲವರು ಕದ್ದು ಬಳಸುವ ಕಾರ್ಬೈಡ್ ಕೂಡ ಕ್ಯಾಲ್ಸಿಯಂನ ವೇಷವೇ, ಕ್ಯಾಲ್ಸಿಯಂ ಕಾರ್ಬೈಡ್. ತೇವ ತಗುಲಿದರೆ ಅಸಿಟಿಲೀನ್ ಅನಿಲ ಬಿಡುತ್ತದೆ. ಅದರೊಳಗೆ ಆರ್ಸೆನಿಕ್, ರಂಜಕದ ಕಲ್ಮಶವೂ ಇರುತ್ತದೆ. ಹಣ್ಣು ಮಾಗಿಸಲು ಇದನ್ನು ಬಳಸುವುದು ನಮ್ಮಲ್ಲಿ ನಿಷಿದ್ಧ. ಗೋಬಿ ಮಂಚೂರಿಗೆ ಕೃತಕ ಬಣ್ಣ, ಬಾಂಬೆ ಮಿಠಾಯಿಗೆ ಬಟ್ಟೆಯ ಬಣ್ಣವಾದ ರೋಡಮೈನ್-ಬಿ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಮಕ್ಕಳ ಕೈಗೆ ಹೋಗುವ ತಿಂಡಿ ಎದ್ದು ಕಾಣುವ ಗುಲಾಬಿ, ಕೆಂಪು ಬಣ್ಣದಲ್ಲಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಇನ್ನೊಂದು ಅಪಾಯ ಎಲೆ ಅಡಿಕೆಯ ಸುಣ್ಣ. ‘ದಿನಾ ಒಂದು ಅಕ್ಕಿಕಾಳಿನಷ್ಟು ಸುಣ್ಣ ಮೊಸರಿಗೆ ಹಾಕಿ ಮಕ್ಕಳಿಗೆ ಕೊಡಿ, ಎತ್ತರ ಬೆಳೀತಾರೆ’ ಎಂಬ ವಿಡಿಯೊಗಳು ಮೊಬೈಲ್‌ನಲ್ಲಿ ಓಡಾಡುತ್ತಿವೆ. ದಯವಿಟ್ಟು ಮಾಡಬೇಡಿ. ಸುಣ್ಣ ತೀಕ್ಷ್ಣ ಕ್ಷಾರ. ಬಾಯಿ, ಅನ್ನನಾಳ ಸುಡುತ್ತದೆ. ಅಂಗಡಿಯಲ್ಲಿ ಮಾರುವ ಪ್ಲಾಸ್ಟಿಕ್ಕಿನ ಸಣ್ಣ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಚುಕಿ ಆಡುವಾಗ ಅದು ಸಿಡಿದು ಕಣ್ಣಿಗೆ ಹಾರುತ್ತದೆ. ದೃಷ್ಟಿಯೇ ಹೋಗಬಹುದು. ಹಾಗಾದಾಗ ಆಸ್ಪತ್ರೆಗೆ ಓಡುವ ಮೊದಲು ಅಲ್ಲೇ, ಆ ಕ್ಷಣವೇ, ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರನ್ನು ಧಾರೆಯಾಗಿ ಹತ್ತಿಪ್ಪತ್ತು ನಿಮಿಷ ಬಿಡಬೇಕು. ಉಜ್ಜಬಾರದು, ಎಣ್ಣೆ ತುಪ್ಪ ಹಾಕಬಾರದು. ಆಮೇಲೆ ನೇರ ಕಣ್ಣಿನ ಡಾಕ್ಟರಲ್ಲಿಗೆ. ಮನೆಯಲ್ಲಿ ಎಲೆ ಅಡಿಕೆ ಹಾಕುವ ಹಿರಿಯರಿದ್ದರೆ ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಎಟುಕದ ಕಡೆ ಇರಲಿ.

ಮಕ್ಕಳಿಗೊಂದು ಪ್ರಯೋಗ

ಮಕ್ಕಳೇ, ಕೊನೆಯ ಭಾಗ ನಿಮಗೆ. ಒಂದು ಹಸಿ ಮೊಟ್ಟೆಯನ್ನು ಗಾಜಿನ ಲೋಟದಲ್ಲಿಟ್ಟು ಅದು ಮುಳುಗುವಷ್ಟು ಅಡುಗೆಯ ವಿನೆಗರ್ ಹಾಕಿ. ಚಿಪ್ಪಿನ ಮೇಲೆಲ್ಲ ಸಣ್ಣ ಗುಳ್ಳೆ ಏಳುತ್ತವೆ. ಆಮ್ಲವು ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುತ್ತಿದೆ. ಗುಳ್ಳೆ ಇಂಗಾಲದ ಡೈಆಕ್ಸೈಡ್. ಮರುದಿನ ವಿನೆಗರ್ ಚೆಲ್ಲಿ ಹೊಸದು ಹಾಕಿ. ಎರಡು ದಿನ ಕಳೆಯುವಷ್ಟರಲ್ಲಿ ಚಿಪ್ಪು ಮಾಯವಾಗಿ ಮೊಟ್ಟೆ ರಬ್ಬರ್ ಚೆಂಡಿನಂತೆ ಮೆತ್ತಗಾಗಿರುತ್ತದೆ. ಅದನ್ನು ತಿನ್ನಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಅಜ್ಜಿ ನುಂಗಿದ ಮಾತ್ರೆ ಅವರ ಹೊಟ್ಟೆಯಲ್ಲಿ ಕರಗುವುದು ಹೀಗೆಯೇ. ಅದನ್ನು ಊಟದ ಜೊತೆ ನುಂಗಬೇಕು ಎಂದದ್ದು ಯಾಕೆ, ಕೆಲವರಿಗೆ ತೇಗು ಬರುವುದು ಯಾಕೆ ಎಂದು ಈಗ ನೀವೇ ಹೇಳಬಲ್ಲಿರಿ.

ಮೊಟ್ಟೆ ಕರಗುವವರೆಗೆ ಇನ್ನೊಂದು ಕೆಲಸ ಮಾಡಿ. ಮನೆಯಲ್ಲಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ ದೊಡ್ಡವರ ಎದುರಲ್ಲೇ ಮೇಜಿನ ಮೇಲೆ ಹರಡಿಸಿ, ಒಂದು ಹಾಳೆಯಲ್ಲಿ ಬರೆಯಿರಿ: ಒಳಗಿರುವ ಔಷಧದ ಹೆಸರೇನು, ಎಷ್ಟು ಮಿಲಿಗ್ರಾಂ, ದಿನಕ್ಕೋ ವಾರಕ್ಕೋ. ಒಂದೇ ಹೆಸರು ಎರಡು ಸಲ ಬಂದರೆ ಕೆಂಪು ಗೆರೆ ಎಳೆಯಿರಿ. ಮುಂದಿನ ಸಲ ಡಾಕ್ಟರಲ್ಲಿಗೆ ಹೋಗುವಾಗ ಆ ಹಾಳೆ ಅಜ್ಜಿಯ ಚೀಲದಲ್ಲಿರಲಿ.